ಅತ್ತೆಯ ಮೂಗು, ಪರದೇಶದ ಅಡುಗೆ

ನಮ್ಮ ಮನೆಯಲ್ಲಿ ಎಡೆಯಾಗುವ ಮುಂಚೆ ಯಾರೂ ಉಪ್ಪು ನೋಡುವ ಹಾಗಿಲ್ಲ. ಅತ್ತೆ ಸ್ನಾನ, ಲಿಂಗಪೂಜೆ ಮುಗಿಸಿ, ಮಾಡಿದ ಅಡುಗೆಯನ್ನೆಲ್ಲ ಒಂದೊಂದು ಚಮಚ ತಟ್ಟೆಗೆ ಬಡಿಸಿಕೊಂಡು ದೇವರ ಮುಂದೆ ಎಡೆ ಇಟ್ಟ ಮೇಲೆಯೇ ಉಳಿದವರ ನಾಲಿಗೆಗೆ ಅಪ್ಪಣೆ. ಅಲ್ಲಿಯತನಕ ಸೌಟಿನ ತುದಿಯಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದರೂ ಅದು ಎಂಜಲು. ಮದುವೆಯಾಗಿ ಅರಸೀಕೆರೆಗೆ ಬಂದ ಮೊದಲ ವಾರದಲ್ಲೇ ನಾನು ಈ ತಪ್ಪು ಮಾಡಿದೆ. ಕಣಕಟ್ಟೆ ಕಡೆಯ ತೋಟದ ಮನೆಯಲ್ಲಿ ಬೆಳೆದವಳು ನಾನು. ನಮ್ಮಮ್ಮ ಸಾರು ಕುದಿಯುವಷ್ಟರಲ್ಲಿ ನಾಲ್ಕು ಸಲ ನೆಕ್ಕಿ ನೋಡುತ್ತಿದ್ದಳು. ಅತ್ತೆ ಬೈಯಲಿಲ್ಲ. ನಾನು ನೆಕ್ಕಿದ ಸಾರಿನ ಪಾತ್ರೆಯನ್ನು ಪಕ್ಕಕ್ಕಿಟ್ಟು, ಬೇರೆ ಸಾರಿಗೆ ಬೇಳೆ ತೊಳೆದರು. ಅದಕ್ಕಿಂತ ಬೈದಿದ್ದರೇ ವಾಸಿಯಿತ್ತು.

ಹಾಗಾದರೆ ಉಪ್ಪು ಸರಿಯಾಗಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಅತ್ತೆಯ ಮೂಗಿನಿಂದ. ಪಾತ್ರೆಯ ಮುಚ್ಚಳ ತೆಗೆದು, ಹಬೆಗೆ ಮುಖ ಕೊಟ್ಟು, ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಳ್ಳುತ್ತಿದ್ದರು. "ಒಂದು ಚಿಟಿಕೆ ಬೇಕು," ಅಂದರೆ ಬೇಕು. "ಸಾಕು," ಅಂದರೆ ಸಾಕು. ಉಪ್ಪಿಗೆಲ್ಲಿಯ ವಾಸನೆ ಎಂದು ನಾನೂ ಒಮ್ಮೆ ಕೇಳಿದ್ದೆ. "ಉಪ್ಪಿಗಿಲ್ಲ ಕಣೇ, ಉಪ್ಪು ಬಿದ್ದ ಮೇಲೆ ಬೇಳೆಗೇ ಬೇರೆ ವಾಸನೆ ಬತ್ತೈತೆ," ಅಂದಿದ್ದರು. ಇಪ್ಪತ್ತು ವರ್ಷ ಅವರ ಪಕ್ಕದಲ್ಲಿ ನಿಂತು ಹಬೆ ಕುಡಿದೆ, ನನಗೆ ಆ ವಾಸನೆ ಒಂದು ದಿನವೂ ಸಿಗಲಿಲ್ಲ.

ಅವರ ಮೂಗು ಬರೀ ಅಡುಗೆಮನೆಗೆ ಸೇರಿದ್ದಲ್ಲ. ನಮ್ಮದು ಕೊಬ್ಬರಿ ಮಂಡಿ. ಮಾವನವರು ಬದುಕಿದ್ದಾಗ, ಯಾರಾದರೂ ತಂದ ಮಾಲಿನ ಮೇಲೆ ಅನುಮಾನ ಬಂದರೆ ಒಂದು ಉಂಡೆ ಕೊಬ್ಬರಿ ಒಡೆದು, ಹೋಳನ್ನು ಮನೆಗೆ ಕಳಿಸುತ್ತಿದ್ದರು. ಅತ್ತೆ ರೊಟ್ಟಿ ತಟ್ಟುತ್ತಲೇ ಮೂಗಿನ ಹತ್ತಿರ ಹಿಡಿದು, "ಇನ್ನೊಂದು ತಿಂಗಳಿಗೆ ಕಮಟು ಹಿಡೀತೈತೆ, ಬೇಡ ಅನ್ನಿ," ಎಂದು ಹೇಳಿ ಕಳಿಸುವರು. ವ್ಯಾಪಾರದಲ್ಲಿ ಯಾರ ಮಾತಿಗೂ ಜಗ್ಗದ ಮಾವನವರು ಆ ಮಾತನ್ನು ಮೀರಿದ್ದು ನಾನು ಕಾಣೆ.

ಇಂಥ ಅತ್ತೆಯ ಕೈಕೆಳಗೆ ಅಡುಗೆ ಮಾಡುವುದೆಂದರೆ ಏನು ಎಂದು ಅನುಭವಿಸಿದವರಿಗೇ ಗೊತ್ತು. ಅವರು ಕೆಟ್ಟವರಾಗಿರಲಿಲ್ಲ. ಆದರೆ ನಾನು ಒಗ್ಗರಣೆಗಿಟ್ಟ ಸಾಸಿವೆ ಸಿಡಿಯುವ ಮುಂಚೆಯೇ ಹಜಾರದಿಂದ, "ಎಣ್ಣೆ ಕಾದೈತೆ ನೋಡು," ಎನ್ನುವ ದನಿ ಬರುತ್ತಿತ್ತು. ಅವರಿಗೆ ಗೊತ್ತಿಲ್ಲದ ಒಂದೇ ಒಂದು ಅಡುಗೆ ನನಗೆ ಬೇಕಿತ್ತು. ನನ್ನ ಪರದೇಶದ ಅಡುಗೆಯ ಹುಚ್ಚು ಶುರುವಾದದ್ದು ಹಾಗೆ. ಈಗ ಅತ್ತೆ ಹೋಗಿ ಎರಡು ವರ್ಷವಾಯಿತು, ನಿಜ ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ನಾಲಿಗೆಯ ಚಪಲಕ್ಕಿಂತ ನನ್ನ ಹಟವೇ ಅದರಲ್ಲಿ ಹೆಚ್ಚಿತ್ತು.

ಮೊದಲು ಮಾಡಿದ್ದು ಪಾಸ್ತಾ. ಕಾಲೇಜಿಗೆ ಹೋಗುತ್ತಿದ್ದ ಮಗಳು ಮೊಬೈಲಿನಲ್ಲಿ ಒಂದು ವಿಡಿಯೊ ಹಚ್ಚಿ, ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟಳು. ತಲೆ ಪೂರ್ತಿ ನರೆತ ಇಟಲಿಯ ಹೆಂಗಸೊಬ್ಬಳು ಅವಳ ಭಾಷೆಯಲ್ಲಿ ಏನೇನೋ ಹೇಳುತ್ತಾ ಟೊಮೆಟೊ ಕುದಿಸಿದಳು, ಬೆಳ್ಳುಳ್ಳಿ ಹಾಕಿದಳು, ಕೊನೆಗೆ ಗಟ್ಟಿಯಾದ ಬಿಳೀ ತುಂಡೊಂದನ್ನು ತೆಗೆದುಕೊಂಡು ಮೇಲೆಲ್ಲ ತುರಿದು ಉದುರಿಸಿದಳು. ಅರಸೀಕೆರೆಯವರ ಕಣ್ಣಿಗೆ, ಬಿಳಿಯದನ್ನು ತುರಿದರೆ ಅದು ಕೊಬ್ಬರಿಯಲ್ಲದೆ ಮತ್ತೇನು? ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ, "ಅಲ್ಲೂ ಕೊಬ್ಬರಿ ಹಾಕ್ತಾರೆ," ಎಂದು ಸಮಾಧಾನಪಟ್ಟು, ನಾನು ಕೇಳುವ ಮುಂಚೆಯೇ ಅರ್ಧ ಉಂಡೆ ತುರಿದಿಟ್ಟರು. ನಾನೂ ಕೈತುಂಬ ಉದುರಿಸಿದೆ.

ಮಗಳು ಸ್ನಾನ ಮುಗಿಸಿ ಬಂದು ತಟ್ಟೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅದು ಚೀಸ್ ಅಮ್ಮಾ."

"ಚೀಸು ಅಂದ್ರೆ?" ಅತ್ತೆ ಕೇಳಿದರು.

"ಹಾಲನ್ನ ಗಟ್ಟಿ ಮಾಡಿ ವರ್ಷಗಟ್ಟಲೆ ಇಡ್ತಾರೆ ಅಜ್ಜಿ."

"ವರ್ಷಗಟ್ಟಲೆ ಇಟ್ಟಿದ್ದು ನಮ್ಮ ಅಟ್ಟದಾಗೂ ಐತೆ, ತಿನ್ನು," ಅಂದರು ಅತ್ತೆ. ಅಲ್ಲಿಂದಾಚೆ ನಮ್ಮ ಮನೆಯ ಪಾಸ್ತಾಕ್ಕೆ ಕೊಬ್ಬರಿಯೇ ಖಾಯಂ ಆಯಿತು.

ಆ ಪಾಸ್ತಾವನ್ನೂ ಎಡೆ ಇಟ್ಟೇ ತಿನ್ನಬೇಕಾಯಿತು. ದೇವರಿಗೆ ಇದೆಲ್ಲ ಯಾಕೆ ಎಂದು ನಾನು ಗೊಣಗಿದ್ದಕ್ಕೆ, "ನಾವು ತಿನ್ನೋದಾದ್ರೆ ಅವನೂ ತಿಂತಾನೆ, ನಮಗಿಂತ ದೊಡ್ಡ ಮನುಷ್ಯನಾ?" ಎಂದು ಪುಟ್ಟ ತಟ್ಟೆಯಲ್ಲಿ ನಾಲ್ಕು ಕೊಳವೆ ಪಾಸ್ತಾ ಇಟ್ಟುಕೊಂಡು ದೇವರ ಕೋಣೆಗೆ ಹೋದರು. ಅದಕ್ಕೂ ಮುಂಚೆ ಬಾಣಲೆಯ ಹಬೆಗೆ ಮುಖ ಕೊಟ್ಟಿದ್ದರು. "ಟೊಮೆಟೊ ಹಸಿ ವಾಸನೆ ಹೋಗಿಲ್ಲ. ಇನ್ನೊಂಚೂರು ಕುದೀಲಿ. ಉಪ್ಪೂ ಸಾಲ್ದು." ಇಟಲಿಯ ಹೆಸರನ್ನೇ ಕೇಳಿರದ ಹೆಂಗಸು! ಹಟಕ್ಕೆ ಬಿದ್ದು ನಾನು ಉಪ್ಪು ಹಾಕಲಿಲ್ಲ. ತಿನ್ನುವಾಗ ಎಲ್ಲರೂ ಉಪ್ಪಿನ ಬಟ್ಟಲು ಕೇಳಿದರು. ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಅದರಿಂದ ನನಗೆ ಇನ್ನಷ್ಟು ಉರಿಯಿತು.

ಆದರೂ ನಾನು ಬಿಡಲಿಲ್ಲ. ನಮ್ಮಲ್ಲಿ ಯಾರೂ ಆ ಅಡುಗೆಗಳ ಅಸಲು ರುಚಿ ಕಂಡವರಲ್ಲ, ಹಾಗಾಗಿ ಯಾರೂ ಇದು ತಪ್ಪು ಎಂದು ಹೇಳುವ ಹಾಗಿರಲಿಲ್ಲ. ಮೂಗಿಗೆ ಹಸಿ ವಾಸನೆ ಹೇಳಲು ಬರಬಹುದು, ಇದು ಇಟಲಿಯಂತಿದೆಯೋ ಇಲ್ಲವೋ ಎಂದು ಹೇಳಲು ಬರುತ್ತದೆಯೇ? ಯಜಮಾನರು ಯಾವುದಕ್ಕಾದರೂ ಉಪ್ಪಿನಕಾಯಿ ನೆಂಚಿಕೊಂಡು ಊಟ ಮುಗಿಸುವ ಸಾಧು ಪ್ರಾಣಿ. "ಸರಿಯಾಗಿದೆಯಾ ಅಂತ ಗೊತ್ತಾಗಬೇಕಾದ್ರೆ ಹಳೇಬೀಡಿಗೆ ಬಸ್ಸು ಹತ್ತು. ದೇವಸ್ಥಾನ ನೋಡೋಕೆ ಬಂದಿರೋ ಬಿಳಿಯರಲ್ಲಿ ಯಾರನ್ನಾದ್ರೂ ಕರ್ಕೊಂಡು ಬಂದು ಊಟಕ್ಕೆ ಕೂರಿಸು," ಎಂದು ಕಿಚಾಯಿಸುತ್ತಿದ್ದರು.

ಹೀಗಿರುವಾಗ ಕೊರೊನಾ ಬಂತು. ನಮ್ಮ ಮನೆಯಲ್ಲಿ ಒಬ್ಬರ ಹಿಂದೊಬ್ಬರಂತೆ ಎಲ್ಲರೂ ಮಲಗಿದೆವು. ದೇವರು ದೊಡ್ಡವನು, ಎಲ್ಲರೂ ಎದ್ದೆವು. ನನಗೆ ಎರಡು ವಾರ ಯಾವ ವಾಸನೆಯೂ ಇರಲಿಲ್ಲ, ಅನ್ನ ತಿಂದರೆ ಹತ್ತಿ ತಿಂದ ಹಾಗಿತ್ತು. ಒಂದು ಬೆಳಿಗ್ಗೆ ಕಾಫಿ ಡಿಕಾಕ್ಷನ್ನಿನ ಘಮ ಮೂಗಿಗೆ ಹೊಡೆದಾಗ ಒಲೆಯ ಮುಂದೆ ನಿಂತು ಅತ್ತುಬಿಟ್ಟೆ. ಅತ್ತೆಯನ್ನು ಕೇಳಿದೆ, ನಿಮಗೂ ಬಂತಾ ಎಂದು. "ಹೂಂ, ಬಂತು," ಅಂದರು. ನಾನು ನಂಬಿದೆ.

ಅದಾದ ಮೇಲೆ ಅತ್ತೆ ಬದಲಾದರು. ಹಬೆಗೆ ಮುಖ ಕೊಡುವುದನ್ನು ಬಿಟ್ಟಿರಲಿಲ್ಲ, ಆದರೆ ಎದ್ದು, "ನೀನೇ ಹೇಳು, ಉಪ್ಪು ಹೆಂಗಿರಬೋದು? ಎಷ್ಟು ಕಲಿತಿದೀಯ ನೋಡನ," ಎನ್ನುವರು. ನಾನು ಅಂದಾಜಿನಲ್ಲಿ ಏನೋ ಹೇಳಿದರೆ, "ಹಂಗೇ ಮಾಡು," ಎನ್ನುವರು. ಸೀದ ವಾಸನೆ ಬಂದರೂ ಹಜಾರದಿಂದ ದನಿ ಬರುವುದು ನಿಂತಿತು. ಎಲ್ಲಕ್ಕಿಂತ ಆಶ್ಚರ್ಯವೆಂದರೆ, ಪರದೇಶದ ಅಡುಗೆಯನ್ನು ಅವರೇ ಕೇಳತೊಡಗಿದರು. "ಇವತ್ತು ನಿಂದು ಏನಾದ್ರೂ ಮಾಡೇ. ಸಾರು ಬೇಡ."

ನಾನು ಗೆದ್ದೆ ಅಂದುಕೊಂಡೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಮನಸ್ಸಿನಲ್ಲೇ ಬೀಗಿದೆ. ನನ್ನ ಮದುವೆಯ ಬದುಕಿನಲ್ಲಿ ಅಷ್ಟು ಸುಖವಾಗಿ ಒಲೆಯ ಮುಂದೆ ನಿಂತ ದಿನಗಳು ಬೇರೆ ಇಲ್ಲ. ನಾನು ಓದಿ ಹೇಳುವುದು, ಅತ್ತೆ ಹೆಚ್ಚಿಕೊಡುವುದು. ಅರಬ್ಬರ ಫಲಾಫೆಲ್ ಮಾಡಿದಾಗ, "ಇದು ನಮ್ಮ ಆಂಬೊಡೆ, ಕಡಲೆಕಾಳಿನದು," ಎಂದು ನಾಲ್ಕು ತಿಂದರು. ಮೋಮೋಗೆ ಅವರು ಕಡುಬು ಎಂದೇ ಹೆಸರಿಟ್ಟರು, ನೆರಿಗೆ ಮಡಿಸುವುದು ನನಗಿಂತ ಅವರಿಗೇ ಚೆನ್ನಾಗಿ ಬಂತು. ಫ್ರಾನ್ಸಿನವರ ಈರುಳ್ಳಿ ಸೂಪಿಗೆ ಈರುಳ್ಳಿಯನ್ನು ಒಂದು ಗಂಟೆ ಹುರಿಯಬೇಕು ಎಂದಾಗ ಬೆರಗಾದರು. "ಅಷ್ಟೊತ್ತು ಒಲೆ ಮುಂದೆ ನಿಂತ್ಕೊಳ್ಳೋರು ಅಂದ್ರೆ ಒಳ್ಳೆ ಜನಾನೇ ಇರಬೇಕು." ಥಾಯ್ಲೆಂಡಿನ ಕರಿಗೆ ಗಟ್ಟಿ ತೆಂಗಿನ ಹಾಲು ಹಿಂಡಿದ್ದು ಅವರ ಕೈಯೇ. ಆ ಹಾಲು ಮಾತ್ರ ಥಾಯ್ಲೆಂಡಿನಲ್ಲೂ ಅಷ್ಟು ಚೆನ್ನಾಗಿರಲಿಕ್ಕಿಲ್ಲ, ಇದನ್ನು ನಾನು ಪಂದ್ಯ ಕಟ್ಟಿ ಹೇಳುತ್ತೇನೆ.

ಆ ನಡುವೆ ಒಂದು ಶನಿವಾರ, ಮಾಲೇಕಲ್ಲು ಬೆಟ್ಟ ಹತ್ತಬೇಕು ಎಂದರು. ಎಪ್ಪತ್ತು ದಾಟಿದ ಮಂಡಿಗಳು. ಏನು ಹರಕೆ ಎಂದರೆ ಹೇಳಲಿಲ್ಲ. ಮೆಟ್ಟಿಲಿಗೊಂದು ಸಲ ಕೂತು ಕೂತು ಹತ್ತಿದರು, ಮೇಲೆ ದೇವಸ್ಥಾನದಲ್ಲಿ ತೀರ್ಥ ತೆಗೆದುಕೊಂಡಾಗ ಅಂಗೈಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನಿಂತರು. ತುಳಸಿಯ ಮೇಲೆ ಭಕ್ತಿ ಅಂದುಕೊಂಡೆ. ನನ್ನ ಬುದ್ಧಿಗೆ ಏನು ಹೇಳೋಣ!

ಗೊತ್ತಾದದ್ದು ಆಷಾಢದಲ್ಲಿ. ಮಗಳು ಪಾಸ್ತಾ ಕೇಳಿದ್ದಳು. ನಾನು ಟೊಮೆಟೊ ಕುದಿಸುತ್ತಿದ್ದೆ, ಅತ್ತೆ ನೆಲದ ಮೇಲೆ ಕೂತು ಕೊಬ್ಬರಿ ತುರಿಯುತ್ತಿದ್ದರು. ಇದ್ದಕ್ಕಿದ್ದ ಹಾಗೆ ಕಮಟು ವಾಸನೆ ಬಂತು. ಹಳೆಯ ದೀಪದ ಎಣ್ಣೆಯಂಥ, ಗಂಟಲು ಕೆರೆಯುವ ವಾಸನೆ. ತಿರುಗಿ ನೋಡಿದರೆ ಅತ್ತೆಯ ಕೈಯಲ್ಲಿದ್ದ ಉಂಡೆಯ ಒಳಗೆಲ್ಲ ಹಳದಿ ತಿರುಗಿದೆ. ಅವರು ನೆಮ್ಮದಿಯಾಗಿ ತುರಿಯುತ್ತಲೇ ಇದ್ದಾರೆ, ತಟ್ಟೆಯಲ್ಲಿ ಗುಡ್ಡೆ ಬಿದ್ದಿದೆ.

ನಾನು ದುಡುಕಿಬಿಟ್ಟೆ. "ಏನತ್ತೆ ಇದು, ಮನೆಯೆಲ್ಲ ನಾರ್ತಾ ಇದೆ, ನಿಮಗೆ ಗೊತ್ತಾಗಲ್ವಾ?" ಇಪ್ಪತ್ತು ವರ್ಷ ಅವರು ನನಗೆ ಹೇಳಿದ್ದಕ್ಕೆಲ್ಲ ಬಡ್ಡಿ ಸೇರಿಸಿದ ಹಾಗಿತ್ತು ನನ್ನ ದನಿ.

ಅತ್ತೆ ತುರಿಯುವುದನ್ನು ನಿಲ್ಲಿಸಿದರು. ಹೋಳನ್ನು ಮೂಗಿನ ಹತ್ತಿರ ತಂದರು, ಉಸಿರೆಳೆದರು, ಇನ್ನೊಮ್ಮೆ ಎಳೆದರು. ಆಮೇಲೆ ನನ್ನ ಮುಖ ನೋಡಿದರು. ಕಳ್ಳತನ ಮಾಡಿ ಸಿಕ್ಕಿಬಿದ್ದ ಮಗುವಿನ ಮುಖ ಅದು.

"ಏನೂ ಬರಾಕಿಲ್ಲ ಕಣೇ," ಅಂದರು. "ಜ್ವರ ಬಂದು ಹೋದಾಗಿಂದ."

ನಾನು ಒಲೆ ಆರಿಸಿ ಅವರ ಪಕ್ಕ ಕೂತೆ. ಹತ್ತು ತಿಂಗಳು ಒಬ್ಬರೇ ಇಟ್ಟುಕೊಂಡಿದ್ದರು. ಪರದೇಶದ ಅಡುಗೆ ಯಾಕೆ ಕೇಳುತ್ತಿದ್ದರೆಂದು ಅವರೇ ಹೇಳಿದರು. "ನಮ್ಮ ಸಾರು ಬಾಯಿಗಿಟ್ರೆ, ಇದು ಸಾರಲ್ಲ ಅಂತ ಗೊತ್ತಾಗೋಗ್ತೈತೆ. ನಿನ್ನ ಅಡಿಗೆ ಹೆಂಗಿರಬೇಕು ಅಂತಾನೇ ನಂಗೆ ಗೊತ್ತಿಲ್ವಲ್ಲ. ಅದನ್ನ ತಿಂದ್ರೆ ಏನೂ ಕಳ್ಕೊಂಡಂಗೆ ಆಗಾಕಿಲ್ಲ."

ನಾನು ಗೆದ್ದೆ ಎಂದುಕೊಂಡಿದ್ದು ಇದನ್ನು. ಆ ಹಳದಿ ಕೊಬ್ಬರಿ ತುರಿಯನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಸುರಿದು, ಅಲ್ಲೇ ಬಚ್ಚಲ ಗೋಡೆಗೆ ಒರಗಿ ನಿಂತೆ. ನನ್ನ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು.

"ಯಾರಿಗೂ ಹೇಳಬ್ಯಾಡ. ನಿನ್ನ ಗಂಡನಿಗೂ," ಎಂದು ಅತ್ತೆ ಮಾತು ತೆಗೆದುಕೊಂಡಿದ್ದರು. ಅದಕ್ಕೆ ಕಾರಣವಿತ್ತು. ಶ್ರಾವಣ ಕಳೆದ ಮೇಲೆ ಮಾವನವರ ವರ್ಷದ ದಿನ. ಮನೆಗೆ ಅಯ್ಯನವರು, ಅಂದರೆ ಜಂಗಮರು, ಬಂದು ಪಾದಪೂಜೆಯಾಗಿ, ಅವರ ಪ್ರಸಾದವಾದ ಮೇಲೆ ನೆಂಟರಿಷ್ಟರ ಊಟ. ಮೂವತ್ತು ನಲವತ್ತು ಎಲೆ. ಮಾವನವರು ಹೋದಾಗಿನಿಂದ ಆ ದಿನದ ಹೋಳಿಗೆ, ಹೋಳಿಗೆ ಸಾರು ಅತ್ತೆಯ ಕೈಯಲ್ಲೇ. ಬೇಲೂರಿಗೆ ಕೊಟ್ಟಿರುವ ಅತ್ತಿಗೆ, ಅಂದರೆ ಯಜಮಾನರ ಅಕ್ಕ, ಹಿಂದಿನ ವರ್ಷವೇ, "ಅಮ್ಮನಿಗೆ ವಯಸ್ಸಾಯ್ತು, ಮುಂದಿನ ಸಲ ಅಡುಗೆಯವರಿಗೆ ಹೇಳಿಬಿಡೋಣ," ಎಂದಿದ್ದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಅತ್ತೆಯ ಮೂಗಿನ ಸಂಗತಿ ಗೊತ್ತಾದರೆ ಆ ಮಾತು ಅಲ್ಲಿಗೆ ತೀರ್ಮಾನ.

"ನಿಮ್ಮ ಮಾವನಿಗೆ ಅಂತ ನಾನು ಮಾಡೋದು ಇದೊಂದೇ ಉಳಿದಿರೋದು," ಅಂದರು ಅತ್ತೆ. "ಇದನ್ನೂ ಕಿತ್ಕೊಂಡ್ರೆ ನಾನು ಯಾಕಿರಬೇಕು ಹೇಳು."

ಹೋಳಿಗೆಗೆ ಅಳತೆಯಿದೆ, ಅದು ಕೈಗೆ ಗೊತ್ತು. ತೊಂದರೆಯಿರುವುದು ಸಾರಿನದು. ಬೇಳೆ ಬಸಿದ ಕಟ್ಟು ಎಷ್ಟು ಗಟ್ಟಿ ಬರುತ್ತದೆ, ಹುಣಿಸೆಹಣ್ಣು ಎಷ್ಟು ಹುಳಿ ಇರುತ್ತದೆ, ಯಾರು ಬಲ್ಲರು? ಆ ಹೊತ್ತಿನಲ್ಲಿ ನೋಡಿಯೇ ಉಪ್ಪು ಹಾಕಬೇಕು. ನನ್ನ ಮೂಗಿಗೆ ಉಪ್ಪು ತಿಳಿಯುವುದಿಲ್ಲ, ಅವರ ಮೂಗಿಗೆ ಏನೂ ತಿಳಿಯುವುದಿಲ್ಲ. ನಾವಿಬ್ಬರೂ ವಾರವೆಲ್ಲ ಯೋಚಿಸಿದೆವು. ಕೊನೆಗೆ ಹಿಂದಿನ ದಿನ ಬೆಲ್ಲ ಪುಡಿ ಮಾಡುತ್ತಾ ಅತ್ತೆ ತಲೆಯೆತ್ತದೆ ಅಂದರು, "ನೀನು ನೆಕ್ಕಿ ನೋಡು. ನನ್ನ ನಾಲಿಗೇನೂ ಈಗ ನಂಬಂಗಿಲ್ಲ."

"ಎಡೆಗೆ ಮುಂಚೆನಾ ಅತ್ತೆ? ಅಯ್ಯನವರ ಪ್ರಸಾದದ ಸಾರನ್ನ?"

"ಪಾಪ ಬಂದ್ರೆ ನಂಗೆ ಬರ್ಲಿ. ನಾನೇ ಹೇಳಿ ಮಾಡಿಸಿದ್ದು ಅಂತ ಬೆಳಿಗ್ಗೆ ಪೂಜೇಲಿ ಹೇಳ್ಕೊಂಡಿರ್ತೀನಿ."

ನನ್ನ ಒಂದು ತೊಟ್ಟಿಗಾಗಿ ಒಂದು ಪಾತ್ರೆ ಸಾರನ್ನು ಪಕ್ಕಕ್ಕಿಟ್ಟವರು ಇವರೇನಾ ಎನ್ನಿಸಿತು. ಅವರಿಗೆ ಆ ಮಾತು ಆಡಲು ಎಷ್ಟು ಕಷ್ಟವಾಗಿತ್ತೆಂದು ಬೆಲ್ಲದ ಮೇಲೆ ಬೀಳುತ್ತಿದ್ದ ಗುಂಡುಕಲ್ಲಿನ ಪೆಟ್ಟಿನಿಂದಲೇ ಗೊತ್ತಾಗುತ್ತಿತ್ತು. ಒಂದು ಗುರುತು ಮಾಡಿಕೊಂಡೆವು. ಉಪ್ಪು ಸಾಲದಿದ್ದರೆ ನಾನು, "ಉಪ್ಪಿನ ಡಬ್ಬ ಇಲ್ಲೇ ಇರಲಾ ಅತ್ತೆ?" ಎನ್ನಬೇಕು. ಸರಿಯಿದ್ದರೆ, "ಎತ್ತಿಡಲಾ?" ಎನ್ನಬೇಕು.

ಮಾರನೆಯ ದಿನ ಹತ್ತು ಗಂಟೆಗೆಲ್ಲ ಅಡುಗೆಮನೆಯಲ್ಲಿ ಹೆಂಗಸರು ತುಂಬಿದ್ದರು. ದೊಡ್ಡ ಕೊಳದಪ್ಪಲೆಯಲ್ಲಿ ಸಾರು ಮರಳುತ್ತಿತ್ತು. ಬೇಲೂರಿನ ಅತ್ತಿಗೆ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಾ ಅಲ್ಲೇ ಕೂತಿದ್ದರು. ನಾನು ಕೊತ್ತಂಬರಿ ಸೊಪ್ಪು ತರುವ ನೆಪದಲ್ಲಿ ಒಂದು ಸಣ್ಣ ಲೋಟಕ್ಕೆ ಸಾರು ಬಗ್ಗಿಸಿಕೊಂಡು, ಸೆರಗಿನ ಮರೆಯಲ್ಲಿ ಹಿತ್ತಲಿಗೆ ಒಯ್ದೆ. ಅವಸರದಲ್ಲಿ ಅರ್ಧ ಸೀರೆಯ ಮೇಲೆ ಚೆಲ್ಲಿತು. ಉಳಿದದ್ದನ್ನು ಬಾಯಿಗೆ ಹಾಕಿಕೊಂಡೆ. ಉಪ್ಪು ಕಡಿಮೆಯಿತ್ತು.

ಒಳಗೆ ಬಂದಾಗ ಅತ್ತೆ ಒಲೆಯ ಮುಂದೆ ನಿಂತಿದ್ದರು. ಎಂದಿನಂತೆ ಮುಚ್ಚಳ ತೆಗೆದರು, ಹಬೆಗೆ ಮುಖ ಕೊಟ್ಟರು, ಕಣ್ಣು ಮುಚ್ಚಿದರು. ಅತ್ತಿಗೆ ಈಳಿಗೆಯ ಮೇಲಿನ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

"ಉಪ್ಪಿನ ಡಬ್ಬ ಇಲ್ಲೇ ಇರಲಾ ಅತ್ತೆ?" ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು.

ಅತ್ತೆ ಇನ್ನೊಂದು ಉಸಿರು ಎಳೆದುಕೊಂಡರು. ಕಣ್ಣು ತೆರೆದರು. "ಹೂಂ. ಒಂದು ಹಿಡಿ ಬೇಕು," ಅಂದರು, ಅದೇ ಹಳೆಯ ಗತ್ತಿನಲ್ಲಿ. ತಾವೇ ಡಬ್ಬಕ್ಕೆ ಕೈ ಹಾಕಿ ತೆಗೆದು ಉದುರಿಸಿದರು.

ಪಾದಪೂಜೆಯಾಯಿತು, ಪ್ರಸಾದವಾಯಿತು, ಎಲೆಗಳು ಎದ್ದವು. ಅಯ್ಯನವರು ಎರಡನೇ ಸಲ ಸಾರು ಕೇಳಿ ಹಾಕಿಸಿಕೊಂಡರು. ಬೇಲೂರಿನ ಅತ್ತಿಗೆ ಕೈ ತೊಳೆದುಕೊಂಡು ಬಂದು, "ಅಮ್ಮನ ಕೈ ಹಂಗೇ ಐತೆ ಬಿಡು. ಅಡುಗೆಯವರ ಮಾತು ಇನ್ನು ನಾನು ಎತ್ತಲ್ಲ," ಎಂದು ನನ್ನ ಹತ್ತಿರ ಹೇಳಿದರು. ನಾನು ಅವರ ಕೈಗೆ ಎಲೆಯಡಿಕೆ ತಟ್ಟೆ ಕೊಟ್ಟೆ.

ಎಲ್ಲರೂ ಹಜಾರದಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತ ಮೇಲೆ ನಾವಿಬ್ಬರೂ ಅಡುಗೆಮನೆಯಲ್ಲಿ ಎಲೆ ಹಾಕಿಕೊಂಡೆವು. ಮೂರು ಗಂಟೆಯ ರೈಲು ಜಂಕ್ಷನ್ನಿಗೆ ಬರುವ ಸದ್ದಾಗುತ್ತಿತ್ತು. ಅತ್ತೆ ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟುಕೊಂಡರು. ಬಹಳ ಹೊತ್ತು ಅಗಿದರು.

"ಹೆಂಗೈತೆ ಹೇಳು," ಅಂದರು.

"ಚೆನ್ನಾಗಿದೆ ಅತ್ತೆ. ಯಾವಾಗಿನ ಹಾಗೇ ಇದೆ."

"ಯಾವಾಗಿನ ಹಂಗೆ ಅಂದ್ರೆ ಹೆಂಗೆ? ನಂಗೆ ಮರ್ತೋಗ್ತಾ ಐತೆ ಕಣೇ."

ನಾನು ಪೆಚ್ಚಾದೆ. ಇಟಲಿಯದು ಹೇಗಿರಬಹುದು, ಫ್ರಾನ್ಸಿನದು ಹೇಗಿರಬಹುದು ಎಂದು ಎಷ್ಟೋ ದಿನ ನಾಲಿಗೆ ಚಪ್ಪರಿಸಿ ಯೋಚಿಸಿದವಳು ನಾನು. ಈ ಸಾರನ್ನು ಇಪ್ಪತ್ತು ವರ್ಷ ಉಂಡಿದ್ದೆ, ಅದು ಹೇಗಿದೆ ಎಂದು ಒಂದು ದಿನವೂ ಗಮನ ಕೊಟ್ಟಿರಲಿಲ್ಲ. ಒಂದು ತುತ್ತು ಕಲಸಿ ಬಾಯಿಗಿಟ್ಟುಕೊಂಡೆ, ನಾನೂ ಕಣ್ಣು ಮುಚ್ಚಿದೆ.

"ಮೊದಲು ಹುಣಿಸೆಹಣ್ಣು ಬರುತ್ತೆ ಅತ್ತೆ. ಹಸಿ ಹುಳಿಯಲ್ಲ, ಚೆನ್ನಾಗಿ ಕುದ್ದಿರೋದು, ಹಳೇ ಹಣ್ಣಿನದು. ಅದರ ಹಿಂದೇನೇ ಬೇಳೆ ಕಟ್ಟಿನ ಸಿಹಿ. ಬೆಲ್ಲ ಇದೆ, ಇದೆ ಅಂತ ಗೊತ್ತಾಗಲ್ಲ, ಅಷ್ಟೇ. ಆಮೇಲೆ ಹುರಿದ ಜೀರಿಗೆ, ಅದಾದ ಮೇಲೆ ಮೆಣಸು ಗಂಟಲ ಹತ್ರ…"

ಕಣ್ಣು ಬಿಟ್ಟು ನೋಡಿದೆ. ಅತ್ತೆಯೂ ಕಣ್ಣು ಮುಚ್ಚಿದ್ದರು. ಎರಡನೇ ತುತ್ತು ಬಾಯಲ್ಲೇ ಇತ್ತು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಸಾರಿನ ಕೈಯನ್ನು ಎತ್ತಿ ನನ್ನನ್ನು ತಡೆದರು.

"ನಿಧಾನ ಹೇಳೇ," ಅಂದರು. "ನಾನಿನ್ನೂ ಹುಣಿಸೆಹಣ್ಣಲ್ಲೇ ಇದೀನಿ."